ಲೇಬಲ್ ಅಕ್ಕ ಮತ್ತು ಎರಡು ಶಿಪ್ಪಿಂಗ್

ಶಿಪ್ಪಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಾಗ ಲೇಬಲ್ ಅಕ್ಕನ ಅಪ್ಪ, ಮಗಳು ಹಡಗಿನ ಕಂಪನಿ ಸೇರಿದಳೆಂದು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಅಲ್ಲಿದ್ದದ್ದು ಕಿಟಕಿಯಿಲ್ಲದ ಉದ್ದನೆಯ ಕೋಣೆ, ರಟ್ಟಿನ ಪೆಟ್ಟಿಗೆಗಳು, ಅವುಗಳಿಗೆ ಅವಳು ಅಂಟಿಸಬೇಕಾದ ವಿಳಾಸದ ಲೇಬಲ್ಲುಗಳು, ಟೇಪು, ಒಂದು ತೂಕದ ಯಂತ್ರ. ಸಮುದ್ರ ಅಲ್ಲಿಂದ ಎರಡು ದಿನದ ದಾರಿ.

"ಲಾರಿಗೆ ತುಂಬೋದನ್ನ ಶಿಪ್ಪಿಂಗ್ ಅಂತ ಯಾಕಂತಾರೆ?" ಎಂದು ಮೊದಲ ದಿನವೇ, ಎಲ್ಲರೂ 'ತೂಕದವರು' ಎನ್ನುತ್ತಿದ್ದ ತೂಕ ಹಾಕುವ ಗಂಡಸನ್ನು ಕೇಳಿದ್ದಳು.

"ಮೊದಲು ದೂರದ ಸರಕೆಲ್ಲ ಹಡಗಲ್ಲೇ ಹೋಗ್ತಿತ್ತಲ್ಲ. ಹಡಗು ಹೋಯ್ತು, ಹೆಸರು ಉಳ್ಕೊಂಡಿದೆ."

ಹನ್ನೊಂದು ವರ್ಷ ಅದೇ ಕೋಣೆ. ಹೆಂಡತಿ ತೀರಿಕೊಂಡ ಮೇಲೆ ತೂಕದವರು ಒಬ್ಬರೇ ಇದ್ದರು. ಲೇಬಲ್ ಅಕ್ಕ ಮದುವೆಯಾಗಿರಲಿಲ್ಲ. ದಿನಕ್ಕೆ ಹತ್ತು ನಿಮಿಷ, ಪೆಟ್ಟಿಗೆಗಳ ಸಾಲಿನ ಹಿಂದೆ ಇಬ್ಬರೂ ನಿಂತು ಚಹಾ ಕುಡಿಯುತ್ತಿದ್ದರು. ಪೆಟ್ಟಿಗೆಯನ್ನು ಕೈಯಲ್ಲೆತ್ತಿ ಅವರು ತೂಕ ಹೇಳುವರು. ಅವಳು "ತಪ್ಪು" ಎಂದು ಪಂಥ ಕಟ್ಟಿ, ಯಂತ್ರದ ಮೇಲಿಟ್ಟು ನೋಡಿ ಸೋಲುವಳು. ಆ ಹತ್ತು ನಿಮಿಷಕ್ಕೆ ಏನು ಹೆಸರೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಪ್ಯಾಕಿಂಗಿನ ಹುಡುಗಿಯರು ಯೋಚಿಸಿದರು. ಲೇಬಲ್ಲಿನ 'ಲೇ', ತೂಕದ 'ತೂ' ಸೇರಿಸಿ 'ಲೇತೂ' ಎಂದರು. ಒಬ್ಬಳ ಫೋನಿನಲ್ಲಿ ಚಹಾ ಲೋಟ ಹಿಡಿದ ತಮ್ಮಿಬ್ಬರ ಫೋಟೋ, ಅದರಡಿ 'ಲೇತೂ ಶಿಪ್' ಎಂಬ ಬರಹ ಅವಳ ಕಣ್ಣಿಗೆ ಬಿತ್ತು. ಮನೆಗೆ ಬಂದು ತಂಗಿಯ ಮಗಳನ್ನು ಕೇಳಿದಳು.

"ದೊಡ್ಡಮ್ಮ, ನಿಮ್ಮನ್ನ ಶಿಪ್ ಮಾಡ್ತಿದ್ದಾರೆ!" ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಲ್ಲಿಗೇ ಕಳಿಸ್ತಾರೆ ನನ್ನ?"

"ಎಲ್ಲಿಗೂ ಇಲ್ಲ. ಇಬ್ಬರನ್ನ ಜೋಡಿ ಮಾಡಿ, ಒಂದಾಗ್ಲಿ ಅಂತ ಕಾಯೋದು. ಸೀರಿಯಲ್ಲಲ್ಲಿ ಬರೋರಿಗೆ ಮಾಡ್ತಾರಲ್ಲ, ಹಾಗೆ. ರಿಲೇಷನ್‌ಶಿಪ್ಪಿನ ಬಾಲ ಕತ್ತರಿಸಿ ಮಾಡಿದ ಪದ. ನಿಮ್ಮ ಹಡಗಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಮರುದಿನದಿಂದ ಚಹಾ ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಮರಳುವಳು. ತೂಕದವರತ್ತ ನೋಡಿದರೆ ಹುಡುಗಿಯರ ಕಿಸಕ್ಕೆಂಬ ನಗು, ನೋಡದಿದ್ದರೆ "ಅಯ್ಯೋ, ಜಗಳ ಆಗಿದೆ" ಎಂಬ ಪಿಸುಮಾತು. ಓಡಿಹೋಗಲು ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದು ಹುಡುಗಿಯರ ಮೇಜಿನ ಪಕ್ಕ.

ವಿಷಯ ಮ್ಯಾನೇಜರ್ ಕಿವಿಗೆ ಬಿತ್ತು. ಅವರು ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದು, "ಏನಮ್ಮ ಇದೆಲ್ಲ?" ಎಂದರು.

"ಏನೂ ಇಲ್ಲ ಸರ್. ಅವರು ಯಾರೋ, ನಾನು ಯಾರೋ."

ಹೇಳಿ ತಿರುಗಿದಾಗ ತೂಕದವರು ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ನಿಂತಿದ್ದರು. ಒಂದು ವಾರದಲ್ಲಿ ಅವರು ತಾವೇ ಕೇಳಿಕೊಂಡು ಹೊರಗೇಟಿನ ಕೆಲಸಕ್ಕೆ ಹೋದರು.

ಹುಡುಗಿಯರಿಗೆ ನಿಜಕ್ಕೂ ಬೇಜಾರಾಯಿತು. "ಸಾರಿ ಅಕ್ಕ" ಎಂದು ಫೋಟೋ ಅಳಿಸಿದರು. ಆದರೆ ಅವಳು ಬಂದ ಕೂಡಲೇ ಮಾತು ನಿಲ್ಲಿಸುವುದು ಅಭ್ಯಾಸವಾಗಿಬಿಟ್ಟಿತ್ತು. ನಗುವಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ತಿಂಗಳ ಮೇಲೆ ಧೈರ್ಯ ಮಾಡಿ ಚಹಾ ಹೊತ್ತಿಗೆ ಗೇಟಿಗೆ ಹೋದಳು.

"ಅವತ್ತು ಹೇಳಿದ್ದು ಸುಳ್ಳು," ಎಂದಳು.

"ಗೊತ್ತು," ಎಂದರು ಅವರು. "ಆದ್ರೆ ಈಗ ನಾವೇನು ಮಾತಾಡಿದ್ರೂ ಆ ಹುಡುಗಿಯರು ಬರೆದಿಟ್ಟಿದ್ದನ್ನ ಓದಿದ ಹಾಗಿರುತ್ತೆ. ನನಗದು ಆಗಲ್ಲ."

ಲಾರಿಯೊಂದು ಹಾರ್ನ್ ಹೊಡೆಯಿತು, ಅವರು ಗೇಟು ತೆಗೆಯಲು ಹೋದರು. ಅವಳು ಒಳಗೆ ಬಂದು, ಸಂಜೆಯವರೆಗೆ ನಾನೂರು ಪೆಟ್ಟಿಗೆಗಳಿಗೆ ವಿಳಾಸ ಅಂಟಿಸಿದಳು.