ಯಾಂಗ್ಜಿಯ ಹ್ಯಾಂಡ್ ಬ್ರೇಕು

ಯಾಂಗ್ಜಿಯನ್ನು ತಕ್ಕಡಿಗೆ ಹಾಕಿದರೆ ನಲವತ್ತೈದು ಕಿಲೋ ತೂಗಿಯಾಳು. ಅದರಲ್ಲಿ ಎರಡು ಕಿಲೋ ಅವಳು ಸದಾ ಹೆಣೆಯುತ್ತಿರುವ ಉಣ್ಣೆಯದು. ವಯಸ್ಸು ಐವತ್ತೆರಡು. ಹಲ್ಲು ಒಂದೂ ಬಿದ್ದಿಲ್ಲ. ಕಲ್ಲಿನಂಥ ಛುರ್ಪಿ ಗಿಣ್ಣು ಮಾರುವವಳಿಗೆ ಹಲ್ಲೇ ಜಾಹೀರಾತು ತಾನೆ. ಮಾತು ಕಡಿಮೆ, ಇರುವಷ್ಟನ್ನೂ ಚೌಕಾಸಿಗೇ ಮೀಸಲಿಟ್ಟಿದ್ದಾಳೆ. ಮಾನೆಭಂಜ್ಯಾಂಗಿನ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮೋಟಾರು ಸಾಮಾನು ಮಾರುತ್ತಿರುವ ನಾನು ಹೇಳುತ್ತೇನೆ: ಅವಳಂಥ ಗಿರಾಕಿ ದಿನಕ್ಕಿಬ್ಬರು ಬಂದರೆ ಅಂಗಡಿ ಮುಚ್ಚಬೇಕು.

ಗಂಡ ಓಂಗ್ದಿ ಇದಕ್ಕೆ ತದ್ವಿರುದ್ಧ. ದೊಡ್ಡ ಮೈ, ದೊಡ್ಡ ನಗು, ಯಾರು ಏನು ಮಾರಿದರೂ ಕೊಳ್ಳುವ ಜೀವ. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಲ್ಯಾಂಡ್ ರೋವರನ್ನು ಸಂದಕ್‌ಫು ಶಿಖರದ ತುದಿಗೆ ಹತ್ತಿಸಿ ಇಳಿಸಿದವನು. ಹೋದ ವರ್ಷದ ಹಿಂದಿನ ವರ್ಷ, ಹಿಮದಲ್ಲಿ ಚಕ್ರಕ್ಕೆ ಸರಪಳಿ ಕಟ್ಟುವಾಗ ಜಾರಿ ಬಿದ್ದ. ಬಲಮಂಡಿಯ ಪಟ್ಟಿ ಬಿಚ್ಚಿದ ಮೇಲೆ ನಡಿಗೆ ಬಂತು, ಚುರುಕು ಬರಲಿಲ್ಲ. ಗಾಡಿಯ ಯಜಮಾನ "ನೀನು ಸುಧಾರಿಸ್ಕೋ ದಾಜು" ಎಂದು ಅಣ್ಣನೆಂದು ಕರೆದೇ ಕೀಲಿಯನ್ನು ತನ್ನ ಅಳಿಯನ ಕೈಗೆ ಕೊಟ್ಟ.

ಅಲ್ಲಿಂದ ಓಂಗ್ದಿ ಒಲೆಯ ಮುಂದೆ ಕೂತ. ಹೊರಗೆ ಗಾಡಿ ಏರುವ ಸದ್ದು ಕೇಳಿದರೆ ಸಾಕು, "ಇದು ಸುಬ್ಬಾನದು. ಎರಡನೇ ಗೇರು ಸರಿಯಾಗಿ ಕೂರ್ತಿಲ್ಲ" ಎನ್ನುತ್ತಿದ್ದ. ಒಂದು ದಿನ ಮೂರು ಗಾಡಿ ಸಾಲಾಗಿ ಹೋದವು, ಅವನು ತಲೆ ಎತ್ತಲಿಲ್ಲ. ಮುಂದಿನ ಸಂತೆಗೆ ಯಾಂಗ್ಜಿ ತನ್ನ ಎರಡು ಹಸುಗಳನ್ನು ಮಾರಿದಳು.

ಕೆಳಗಿನ ಚಹಾ ತೋಟದ ನಿವೃತ್ತ ಗುಮಾಸ್ತ ತಿಲಕ್ ಮುಖಿಯಾನ ಕೊಟ್ಟಿಗೆಯಲ್ಲಿ ಐವತ್ತೇಳರ ಮಾಡಲಿನ ಲ್ಯಾಂಡ್ ರೋವರ್ ಇತ್ತು. ಒಳಗೆ ಕೋಳಿ ಕಾವು ಕೂತಿತ್ತು.

"ಬಾಡಿ ನೋಡಿ ದಿದಿ, ಒಂದು ಚೂರು ತುಕ್ಕಿಲ್ಲ!" ಎಂದ ಮುಖಿಯಾ.

"ಅಲ್ಯೂಮಿನಿಯಂ ಪಾತ್ರೆಗೆ ತುಕ್ಕು ಹಿಡಿದದ್ದು ನಾನೂ ಕಂಡಿಲ್ಲ ದಾಜು" ಎನ್ನುತ್ತ ಯಾಂಗ್ಜಿ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ತೂರಿದಳು. ಹೆಣೆಯುವ ಕಡ್ಡಿಯನ್ನು ಬಾಯಿಂದ ತೆಗೆದು ಕೆಳಗಿನ ಕಬ್ಬಿಣದ ಚಾಸಿಗೆ ಚುಚ್ಚುತ್ತ ಹೋದಳು. ಟಣ್, ಟಣ್, ಟಣ್, ಆಮೇಲೆ ಪುಸಕ್.

"ಇಲ್ಲಿ ಕಡ್ಡಿ ಒಳಗೇ ಹೋಯ್ತು. ಈ ಮಗ್ಗುಲನ್ನ ನಿಮ್ಮ ಕೋಳಿ ಹೊತ್ಕೊಂಡು ನಿಂತಿರಬೇಕು."

ಒಟ್ಟು ನಾಲ್ಕು ಕಡೆ ಪುಸಕ್ ಅಂದಿತು, ನಾಲ್ಕು ಸಲ ಬೆಲೆ ಇಳಿಯಿತು. ಐದನೆಯ ಸಲ ಮುಖಿಯಾ ಹಟ ಹಿಡಿದ. ಯಾಂಗ್ಜಿ ಅಡಿಯಿಂದ ತಲೆ ಹೊರಹಾಕಿ ನೋಡಿದರೆ, ಓಂಗ್ದಿ ಸ್ಟೀರಿಂಗ್ ಹಿಡಿದು ಕಣ್ಣುಮುಚ್ಚಿ ಕೂತಿದ್ದಾನೆ, ಮಡಿಲಲ್ಲಿ ಕೋಳಿ.

"ಮೊದಲು ಇಳೀರಿ ನೀವು. ನಿಮ್ಮ ಮುಖ ನೋಡಿಯೇ ಇವರು ಜಗ್ಗುತ್ತಿಲ್ಲ."

ಗಾಡಿ ಬಂತು. ಚಾಸಿಗೆ ತೇಪೆ ಬಿತ್ತು. ಹಳೆಯ ಪೆಟ್ರೋಲ್ ಇಂಜಿನ್ ತೆಗೆದು, ಸಿಲಿಗುರಿಯ ಗುಜರಿಯಿಂದ ತಂದ ಜೀಪಿನ ಡೀಸೆಲ್ ಇಂಜಿನ್ ಕೂರಿಸಿದ್ದಾಯಿತು. ಇಲ್ಲಿ ಎಲ್ಲರ ಗಾಡಿಯ ಹೊಟ್ಟೆಯೂ ಹಾಗೆ ಬದಲಾದದ್ದೇ. ತಕರಾರು ಬಂದದ್ದು ಉಳಿದ ಸಾಮಾನಿಗೆ. ಓಂಗ್ದಿ ನನ್ನ ಅಂಗಡಿಯಲ್ಲಿ ಅಗಲ ಟಯರಿನ ಮೇಲೆ ಕೈಯಾಡಿಸುತ್ತ ನಿಂತಿದ್ದ. ಯಾಂಗ್ಜಿ ಚೀಟಿ ಓದಿದಳು.

"ಸಾಹುಜಿ, ಸ್ಪ್ರಿಂಗ್ ಪಟ್ಟಿ. ಗೇರ್ ಪೆಟ್ಟಿಗೆಯ ಹಿಂದಿನ ಆಯಿಲ್ ಸೀಲು. ಹ್ಯಾಂಡ್ ಬ್ರೇಕಿನ ಲೈನಿಂಗು."

ನನಗೆ ನಗು ತಡೆಯಲಾಗಲಿಲ್ಲ. ಈ ಗಾಡಿಗಳ ಹ್ಯಾಂಡ್ ಬ್ರೇಕು ಇರುವುದು ಗೇರ್ ಪೆಟ್ಟಿಗೆಯ ಬೆನ್ನಿಗೆ. ಸೀಲು ಸವೆದು ಅದರ ಮೇಲೆ ಎಣ್ಣೆ ಸುರಿದು ಎಲ್ಲರದೂ ಎಂದೋ ಸತ್ತುಹೋಗಿದೆ, ಯಾರೂ ಮುಟ್ಟುವುದಿಲ್ಲ. ನಿಲ್ಲಿಸಬೇಕಾದರೆ ಒಬ್ಬ ಜಿಗಿದು ಚಕ್ರದ ಹಿಂದೆ ಕಲ್ಲಿಡುತ್ತಾನೆ.

"ಈ ಗುಡ್ಡದಲ್ಲಿ ಹ್ಯಾಂಡ್ ಬ್ರೇಕು ಅಂದ್ರೆ ಕಲ್ಲು, ಬೈನಿ. ಬಿಟ್ಟಿ ಸಿಗುತ್ತೆ" ಎಂದೆ, ತಂಗಿಯೆಂದು ಕರೆದು.

"ಬಿಟ್ಟಿ ಮಾಲು ನೀವು ಹೇಳ್ತಿದೀರಿ ಅಂದ್ರೆ ಅನುಮಾನವೇ. ಲೈನಿಂಗು ತೆಗೀರಿ."

"ಟಯರಾದ್ರೂ ಅಗಲದ್ದು ಹಾಕ್ಸು. ಗಾಡಿಗೆ ಕಳೆ ಬರುತ್ತೆ" ಎಂದ ಓಂಗ್ದಿ.

"ಕಳೆ ಇರೋರನ್ನ ಕಟ್ಕೊಂಡು ಸಾಕಾಗಿದೆ. ಕಿರಿದು ಕೊಡಿ."

"ನೋಡಿದ್ರಾ ಸಾಹುಜಿ," ಓಂಗ್ದಿ ಬೀಗಿದ, "ಇಪ್ಪತ್ತೆಂಟು ವರ್ಷಕ್ಕೆ ಒಂದ್ಸಲ ಹೊಗಳಿದ್ಲು!"

ನಮ್ಮಲ್ಲಿ ಗಾಡಿ ಕೊಂಡರೆ ಸಾಲದು, ಬಾಡಿಗೆಯ ಸಾಲಿನಲ್ಲಿ ನಂಬರು ಸಿಗಬೇಕು. ಅದಕ್ಕೆ ಒಂದು ಪರೀಕ್ಷೆ. ಒಂಬತ್ತು ಜನರನ್ನು ಹೇರಿಕೊಂಡು ಮೇಲಿನ ಚಿತ್ರೆ ಹಳ್ಳಿಯ ಏರು ಹತ್ತಬೇಕು. ಮೂರನೇ ತಿರುವಿನಲ್ಲಿ ಸಾಲಿನ ಹಿರಿಯ ಗ್ಯಾಲ್ಬೋ ಛಾವಣಿಗೆ ಗುದ್ದುತ್ತಾನೆ. ಗಾಡಿ ನಿಂತು, ಮತ್ತೆ ಹೊರಡಬೇಕು. ಗೇಣುದ್ದ ಹಿಂದೆ ಜಾರಿದರೂ ನಂಬರಿಲ್ಲ, ಮುಂದಿನ ವರ್ಷ ಬನ್ನಿ. ಆವತ್ತು ಕಲ್ಲಿಡಲು ಯಾರೂ ಇಳಿಯುವಂತಿಲ್ಲ. ಡ್ರೈವರುಗಳು ಬಲಗಾಲಿನ ಹಿಮ್ಮಡಿಯಲ್ಲಿ ಬ್ರೇಕು, ಬೆರಳಲ್ಲಿ ಆಕ್ಸಿಲರೇಟರು ಒತ್ತಿ ಹೇಗೋ ಪಾರಾಗುತ್ತಾರೆ. ಅದಕ್ಕೆ ಬೇಕಾದ ಮಂಡಿಯೇ ಓಂಗ್ದಿಗಿಲ್ಲ. ಈ ವರ್ಷ ತಪ್ಪಿದರೆ ಅವನು ಒಲೆಯ ಮುಂದಿನಿಂದ ಇನ್ನು ಏಳುವವನಲ್ಲ. ಅದು ಯಾಂಗ್ಜಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಡು ದಿನ ಮೊದಲು ಗ್ಯಾಲ್ಬೋ ನನ್ನ ಅಂಗಡಿಯಲ್ಲಿ ಚಹಾ ಹೀರುತ್ತ, "ಓಂಗ್ದಿಯ ಮಂಡಿ ಹೇಗಿದೆಯಂತೆ?" ಎಂದು ಕೇಳಿದ. ನನಗೇನು ಗೊತ್ತು ಎನ್ನಬಹುದಿತ್ತು. ಮಾಲು ತೂಗಿ ತೂಗಿ ರೂಢಿಯಾದ ನಾಲಿಗೆ. "ಹಳೇ ಮಾಲು ದಾಜು, ಗ್ಯಾರಂಟಿ ಕೊಡಲಾರೆ" ಎಂದುಬಿಟ್ಟೆ.

ಪರೀಕ್ಷೆಯ ಬೆಳಿಗ್ಗೆ ಗ್ಯಾಲ್ಬೋ ಗಂಟಲು ಸರಿಮಾಡಿಕೊಂಡ. "ಓಂಗ್ದಿಗೆ ಮೂರನೇ ತಿರುವು ಬೇಡ. ಐದನೇದು."

ಐದನೆಯದು ಗೋಡೆಯ ಹಾಗೆ ನಿಂತ ತಿರುವು. ಯಾಂಗ್ಜಿ ಗ್ಯಾಲ್ಬೋನನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡು ಹಿಂದಿನ ಸೀಟಿಗೆ ಹತ್ತಿದೆ. ಅವಳೇ ಹತ್ತಿ ಒಂಬತ್ತನೇ ಹೊರೆಯಾಗಿ ಕೂತಳು.

ಐದನೇ ತಿರುವಿನಲ್ಲಿ ಗ್ಯಾಲ್ಬೋ ಛಾವಣಿಗೆ ಗುದ್ದಿದ. ಗಾಡಿ ನಿಂತಿತು. ಓಂಗ್ದಿ ಹ್ಯಾಂಡ್ ಬ್ರೇಕು ಎಳೆದು, ಬಲಗಾಲನ್ನು ಪೂರ್ತಿ ಮೇಲೆತ್ತಿ, ಎರಡೂ ಕೈಯಿಂದ ಮಂಡಿ ನೀವಿಕೊಳ್ಳತೊಡಗಿದ.

"ಕಾಲು ತೆಗೆದ! ಲೇ, ಕಾಲು ತೆಗೆದ!" ಹಿಂದಿನವನೊಬ್ಬ ಕಂಬಿ ತಬ್ಬಿಕೊಂಡ. ಇನ್ನೊಬ್ಬ ಮಂತ್ರ ಶುರುಮಾಡಿದ. ಬರೀ ಹ್ಯಾಂಡ್ ಬ್ರೇಕಿನ ಮೇಲೆ ಗಾಡಿ ನಿಂತದ್ದನ್ನು ಆ ದಾರಿಯಲ್ಲಿ ಯಾರೂ ಕಂಡವರಲ್ಲ.

"ಹಿಂದಕ್ಕೆ ಹೋಗ್ತಿದೀವಾ?" ಗ್ಯಾಲ್ಬೋನ ದನಿ ತೆಳ್ಳಗಾಗಿತ್ತು.

"ಎಲ್ಲಿಗೂ ಹೋಗ್ತಿಲ್ಲ ದಾಜು" ಎಂದಳು ಯಾಂಗ್ಜಿ, ಹೆಣಿಗೆಯಿಂದ ಕಣ್ಣೆತ್ತದೆ. "ಆ ಮರ ನೋಡಿ, ಅಲ್ಲೇ ಇದೆ."

ಓಂಗ್ದಿ ನಿಧಾನಕ್ಕೆ ಕಾಲಿಟ್ಟ, ಇಂಜಿನ್ನಿಗೆ ಉಸಿರು ತುಂಬಿದ, ಕ್ಲಚ್ಚು ಹಿಡಿದ ಮೇಲೆ ಬ್ರೇಕು ಬಿಟ್ಟ. ಗಾಡಿ ಒಂದು ಕೂದಲೆಳೆಯೂ ಜಾರದೆ ಮೇಲೇರಿತು. ಚಿತ್ರೆ ತಲುಪುವವರೆಗೆ ಗ್ಯಾಲ್ಬೋ ಹಿಡಿದ ಕಂಬಿ ಬಿಡಲಿಲ್ಲ. ಅಲ್ಲಿ ಇಳಿದು, "ಹನ್ನೊಂದನೇ ನಂಬರು" ಎಂದ. ಓಂಗ್ದಿ ಅಷ್ಟು ದೊಡ್ಡ ಮೈ ಹೊತ್ತು ಹೆಂಡತಿಯ ಭುಜದ ಮೇಲೆ ಮುಖವಿಟ್ಟು ಅತ್ತ. "ಉಣ್ಣೆ ಒದ್ದೆಯಾಗುತ್ತೆ" ಎಂದಳೇ ಹೊರತು ಸರಿಯಲಿಲ್ಲ.

ಈಗ ಅವನು ವಾರಕ್ಕೆ ನಾಲ್ಕು ಸಲ ಮೇಲೆ ಹೋಗುತ್ತಾನೆ. ಗ್ಯಾಲ್ಬೋನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾನು ಆಡಿದ್ದು ಯಾಂಗ್ಜಿಗೆ ಅವತ್ತೇ ತಲುಪಿದೆ. ಆದರೂ ಸಾಮಾನಿಗೆ ನನ್ನಲ್ಲಿಗೇ ಬರುತ್ತಾಳೆ, ಅದರ ಸುದ್ದಿ ಎತ್ತುವುದಿಲ್ಲ. ಅವಳ ಗಂಡನ ಮಂಡಿಗೆ ನಾನು ಬೆಲೆ ಕಟ್ಟಬಾರದಿತ್ತು. ಅವಳಲ್ಲಿ ಕ್ಷಮೆ ಕೇಳಬೇಕು, ಇನ್ನೂ ಕೇಳಿಲ್ಲ.