ಅಜ್ಜನ ಕ್ಲೈಮ್ಯಾಕ್ಸು

ಸಿರುಗುಪ್ಪದ ಬಿ.ಎ. ವಿದ್ಯಾರ್ಥಿನಿ ನಿಶಾತ್ ಹೊಸ ಸಿನಿಮಾಗಳ ನೀರಿಳಿಸುವುದರಲ್ಲಿ ಎತ್ತಿದ ಕೈ. "ಕ್ಲೈಮ್ಯಾಕ್ಸ್ ಅಂದ್ರ ಹಳೇ ಸಿನಿಮಾದ್ದು!" ಎಂದು ಕಾಲೇಜಿನಲ್ಲೆಲ್ಲ ಸಾರುತ್ತಿದ್ದಳು. ಆ ಸಿನಿಮಾಗಳನ್ನು ಅವಳು ನೋಡಿದ್ದಕ್ಕಿಂತ ಅಜ್ಜ ಇಮಾಮಸಾಬರ ಬಾಯಲ್ಲಿ ಕೇಳಿದ್ದೇ ಹೆಚ್ಚು.

ಮೊನ್ನೆ ಅಜ್ಜನನ್ನು ಬಳ್ಳಾರಿಗೆ ಮ್ಯಾಟ್ನಿಗೆ ಕರೆದೊಯ್ದಳು. ಇಂಟರ್ವಲ್ ಬಿಟ್ಟಿದ್ದೇ ತಡ, ಅಜ್ಜ ಚಪ್ಪಲಿ ಮೆಟ್ಟಿ ಹೊರಗೆ ಹೊರಟೇಬಿಟ್ಟರು.

"ಅಜ್ಜಾ, ಇನ್ನೂ ಅರ್ಧ ಐತಿ!"

"ನಂದು ಯಾವಾಗ್ಲೂ ಇಲ್ಲಿಗೇ ಮುಗೀತೈತಿ ಬೇಟಿ. ಕುರುಗೋಡು ಟೆಂಟ್ ಸಿನಿಮಾದಾಗ ಕೆಲ್ಸಕ್ಕಿದ್ದಾಗ, ಇಂಟರ್ವಲ್ ಆದಕೂಡ್ಲೆ ಮೊದಲರ್ಧದ ರೀಲು ಸೈಕಲ್ಲಿಗೆ ಕಟ್ಕೊಂಡು ಬಾಜೂ ಊರಿನ ಟೆಂಟಿಗೆ ಒಯ್ತಿದ್ದೆ. ಒಂದು ಸಿನಿಮಾದ ಕೊನಿನೂ ನೋಡಿಲ್ಲ."

"ಮತ್ತ ನನಗ ಹೇಳಿದ ಕ್ಲೈಮ್ಯಾಕ್ಸು?"

"ಸೈಕಲ್ ತುಳಿಯಾಕ ಬ್ಯಾಸ್ರ ಆಗ್ತಿತ್ತು. ದಾರ್ಯಾಗ ನಾನ ಕಟ್ಟಿದ್ದು."

ನಿಶಾತ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷ ನಿರ್ದೇಶಕರನ್ನೆಲ್ಲ ಜಾಡಿಸಿದ್ದು ಅಜ್ಜನ ಸೈಕಲ್ ಸವಾರಿಯನ್ನು ನಂಬಿಕೊಂಡು! ಒಳಗೆ ಬೆಲ್ಲು ಬಾರಿಸಿತು. ಅವಳು ತಿರುಗಿಯೂ ನೋಡದೆ ಅಜ್ಜನೊಂದಿಗೆ ಸಿರುಗುಪ್ಪದ ಬಸ್ಸು ಹತ್ತಿ, "ಈಗ ಹೇಳು, ಆ ವಿಲನ್ ಏನಾದ?" ಎಂದಳು.

ಅಜ್ಜ ಶುರುಮಾಡಿದರು. ಹಿಂದಿನ ಸೀಟಿನವರು ಮುಂದಕ್ಕೆ ಬಗ್ಗಿದರು, ಮುಂದಿನವರು ಹಿಂದಕ್ಕೆ ತಿರುಗಿದರು. ದಾರಿಯ ತೆಕ್ಕಲಕೋಟೆಯಲ್ಲಿ ಇಳಿಯಬೇಕಿದ್ದ ನಾಲ್ವರು ಸಿರುಗುಪ್ಪದಲ್ಲಿ ಕಣ್ಣೊರೆಸಿಕೊಳ್ಳುತ್ತ ಇಳಿದರು.