ಫುಟ್‌ಬಾಲ್ ಹುಡುಗಿಯ ಅಂಗಾರಕಿ

ಸ್ವೀಡನ್ನಿನ ಹೆಂಗಸೊಬ್ಬರಿಗೆ ಸಂಕಷ್ಟಿ ಎಂದರೇನೆಂದು ಇಂಗ್ಲಿಷಿನಲ್ಲಿ ವಿವರಿಸುವ ಪ್ರಸಂಗ ನಿಮಗೆ ಎಂದಾದರೂ ಬಂದಿದೆಯೇ?

ನನಗೆ ಬಂತು. ಕಳೆದ ಮಂಗಳವಾರ. ಒಂದು ಕೈಯಲ್ಲಿ ಶೇಂಗಾ ಹುರಿಯುವ ಸೌಟು, ಇನ್ನೊಂದರಲ್ಲಿ ನನ್ನದಲ್ಲದ ಫೋನು.

ಫೋನು ಎದುರು ಮನೆಯ ಸುನಂದಾಳದು. ಗದಗಿನ ಹುಡುಗಿ, ಮದುವೆಯಾಗಿ ಮುಂಬೈ ಹತ್ತಿರದ ಈ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಗಂಡ ಭಿವಂಡಿಯ ಗೋದಾಮೊಂದರಲ್ಲಿ ಅಕೌಂಟ್ಸ್ ನೋಡುತ್ತಾರೆ. ನಾನು ಉಡುಪಿ ಕಡೆಯವಳು, ಕಾನ್ವೆಂಟಿನಲ್ಲಿ ಓದಿದವಳು. ನಾನು ‘ಎಂತ ಮಾರಾಯ್ತಿ’ ಅಂದರೆ ಅವಳು ‘ಏನ್ರಿ ಅಕ್ಕಾರ’ ಅನ್ನುತ್ತಾಳೆ. ಕನ್ನಡ ಎರಡು ಬಗೆ, ಕಾರಿಡಾರ್ ಒಂದೇ.

ಅವತ್ತು ಅಂಗಾರಕಿ. ಅಂದರೆ ಮಂಗಳವಾರವೇ ಬಿದ್ದ ಸಂಕಷ್ಟಿ. ಇಡೀ ದಿನ ಉಪವಾಸವಿದ್ದು, ರಾತ್ರಿ ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು, ಆಮೇಲೆ ಊಟ ಮಾಡುವ ಗಣಪತಿಯ ವ್ರತ. ನಮ್ಮ ಕಟ್ಟಡದಲ್ಲಿ ಇದನ್ನು ಮಾಡದ ಮನೆ ಇಲ್ಲವೆನ್ನಬಹುದು. (ನನ್ನ ಉಪವಾಸದ ಬಗ್ಗೆ ಹೆಚ್ಚು ಕೇಳಬೇಡಿ. ಸಾಬೂದಾಣಿ ಖಿಚಡಿ, ಬಟಾಟೆ, ಖರ್ಜೂರ, ಮೇಲೊಂದು ಬಾಳೆಹಣ್ಣು. ಉಳಿದ ದಿನ ನಾನು ಇಷ್ಟು ತಿನ್ನುವುದಿಲ್ಲ.)

ಸುನಂದಾಳ ಮಗಳು ಪಲ್ಲವಿಯದು ಮಾತ್ರ ಕಡಕ್ ಉಪವಾಸ. ನೀರು ಮತ್ತು ಚಹಾ, ಅಷ್ಟೇ. ಮಗಳು ಹಾಗಿರುವಾಗ ತಾನು ಹೇಗೆ ತಿನ್ನುವುದೆಂದು ತಾಯಿಯದೂ ಹಾಗೆಯೇ.

ಪಲ್ಲವಿ ನೆರೂಳಿನ ಕಾಲೇಜೊಂದರ ಹುಡುಗಿಯರ ಫುಟ್‌ಬಾಲ್ ಟೀಮಿನಲ್ಲಿ ಆಡುತ್ತಾಳೆ. ಮಿಡ್‌ಫೀಲ್ಡ್. ಅಂದರೆ ಮೈದಾನದ ಆ ತುದಿಗೂ ಓಡಬೇಕು, ಈ ತುದಿಗೂ ಓಡಬೇಕು, ಗೋಲು ಹೊಡೆದ ಹೆಸರು ಬೇರೆಯವರಿಗೆ. (ಗೃಹಿಣಿಯರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ.) ಎರಡು ವರ್ಷದ ಹಿಂದೆ ಕಲ್ಯಾಣದ ಮೈದಾನದಲ್ಲಿ ಬಿದ್ದಳು. ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಇನ್ನು ಆಡಬಹುದು, ಆಡದೆಯೂ ಇರಬಹುದು ಎಂದರು ಡಾಕ್ಟರು. ಇಂಥ ಮಾತು ಕೇಳಿದ ತಾಯಿ ಮನೆಗೆ ಬಂದು ಏನು ಮಾಡುತ್ತಾಳೆ? ದೇವರ ಮುಂದೆ ಕೂತು ಹರಕೆ ಹೊತ್ತಳು. ಮಗಳು ಎದ್ದು ಓಡಿದರೆ ಅವಳ ಕೈಯಿಂದ ಇಪ್ಪತ್ತೊಂದು ಸಂಕಷ್ಟಿ ಮಾಡಿಸುತ್ತೇನೆ, ಒಂದೂ ತಪ್ಪುವುದಿಲ್ಲ ಎಂದು.

ಮಗಳು ಎದ್ದಳು. ಓಡಿದಳು. ಇದು ಇಪ್ಪತ್ತನೆಯದು.

“ಅಕಿ ಮೊಣಕಾಲು ಗಣಪ್ಪನ ಕೈಯಾಗ ಕೊಟ್ಟೀನ್ರಿ ಅಕ್ಕಾರ. ನಡುವ ಕಸಗೊಳ್ಳಾಕ ಬರಂಗಿಲ್ಲ” ಎನ್ನುತ್ತಾಳೆ ಸುನಂದಾ. ನಗುತ್ತ ಹೇಳುವುದಿಲ್ಲ.

ಟೀಮಿಗೆ ಈ ಜುಲೈಯಲ್ಲಿ ಸ್ವೀಡನ್ ಟೂರ್ ಬಂತು. ಅಲ್ಲಿನ ಸಣ್ಣ ಊರೊಂದರಲ್ಲಿ ಟೂರ್ನಮೆಂಟು, ಒಬ್ಬೊಬ್ಬ ಹುಡುಗಿಗೆ ಒಂದೊಂದು ಮನೆಯಲ್ಲಿ ವಸತಿ. ಮೂರು ದಿನ ನಮ್ಮ ಕಾರಿಡಾರಿನಲ್ಲಿ ಬರೀ ಪ್ಯಾಕಿಂಗು. ಸ್ವೆಟರು, ಬೂಟು, ಶೇಂಗಾ ಚಟ್ನಿಪುಡಿ, ಅಕ್ಷತೆಯ ಪೊಟ್ಟಣ. ಕೊನೆಗೆ ಸುನಂದಾ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಪಕ್ಕ ತೂಗುತ್ತಿದ್ದ ಕ್ಯಾಲೆಂಡರಿನಿಂದ ಜುಲೈ ಹಾಳೆಯನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟಳು. ನಿಮಗೆ ಗೊತ್ತಲ್ಲ, ಸಂಕಷ್ಟಿಯ ಚೌಕದಲ್ಲಿ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ.

“ಇದನ್ನ ನೋಡಿ ಉಣ್ಣು” ಎಂದಳು ಮಗಳಿಗೆ.

ಅದು ಮುಂಬೈಯ ಚಂದ್ರೋದಯ ಎಂದು ಅವತ್ತು ನಮಗ್ಯಾರಿಗೂ ಹೊಳೆಯಲಿಲ್ಲ. ನನಗೂ ಇಲ್ಲ. ಬ್ಯಾಗಿನ ಜಿಪ್ ಹಾಕಿದವಳು ನಾನೇ.

ಹೀಗಾಗಿ ಸುನಂದಾಳ ಮನೆಯಲ್ಲಿ ಜೂನ್ ಮುಗಿದ ಮೇಲೆ ನೇರ ಆಗಸ್ಟ್. ತಿಥಿ ನೋಡಲು, ಹಾಲಿನ ಲೆಕ್ಕ ಗುರುತು ಹಾಕಲು, ಎಲ್ಲಕ್ಕೂ ನನ್ನ ಅಡುಗೆಮನೆಗೇ ಬರುತ್ತಾಳೆ. ಮಂಗಳವಾರವೂ ಅದಕ್ಕೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಆಗ ವಿಡಿಯೊ ಕಾಲ್.

ಪಲ್ಲವಿಯಲ್ಲ. ಅವಳು ಉಳಿದುಕೊಂಡಿದ್ದ ಮನೆಯ ಯಜಮಾನಿ, ಕರಿನ್. ಬೆಳ್ಳಗಿನ ಚಿಕ್ಕ ಕೂದಲು, ಕೊರಳಲ್ಲಿ ಓದುವ ಕನ್ನಡಕ. ಇಬ್ಬರೂ ಅಮ್ಮಂದಿರು ಒಂದು ವಾರದಿಂದ ವಾಟ್ಸ್‌ಆ್ಯಪ್ ಗೆಳತಿಯರು. ಕರಿನ್ ಪಲ್ಲವಿಯ ಫೋಟೊ ಕಳಿಸುತ್ತಾರೆ, ಸುನಂದಾ ಗುಲಾಬಿಯ ಗುಡ್‌ಮಾರ್ನಿಂಗ್ ಕಳಿಸುತ್ತಾಳೆ. ಮಾತಿನ ಅಗತ್ಯವೇ ಬಿದ್ದಿರಲಿಲ್ಲ. ಅವತ್ತು ಬಿತ್ತು.

“ನೀವು ಕಾನ್ವೆಂಟ್ ಕಲ್ತವ್ರು, ಮಾತಾಡ್ರಿ” ಎಂದು ಸುನಂದಾ ಫೋನನ್ನು ನನ್ನ ಕೈಗೆ ಕೊಟ್ಟೇಬಿಟ್ಟಳು.

ಕರಿನ್ ಆತಂಕದಲ್ಲಿದ್ದರು. ಹುಡುಗಿ ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ, ಹಸಿವಿಲ್ಲ ಅನ್ನುತ್ತಾಳೆ. ಮಧ್ಯಾಹ್ನ ಸೆಮಿಫೈನಲ್. ಟೂರಿನುದ್ದಕ್ಕೂ ಬೆಂಚಿನ ಮೇಲೆ ಕೂತಿದ್ದವಳಿಗೆ ಇವತ್ತು ಮೊದಲ ಸಲ ಆಡುವ ಹನ್ನೊಂದು ಮಂದಿಯಲ್ಲಿ ಜಾಗ ಸಿಕ್ಕಿದೆ. ಆದರೆ ತಿನ್ನದ ಹುಡುಗಿಯನ್ನು ಇಳಿಸುವುದಿಲ್ಲ ಎಂದು ಕೋಚ್ ಮೇಡಂ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ. ಅಷ್ಟು ಹೇಳಿ ದನಿ ತಗ್ಗಿಸಿ ಕೇಳಿದರು: “ನನ್ನ ಅಡುಗೆ ಅವಳಿಗೆ ಸೇರಲಿಲ್ಲವೇ?”

ಪಾಪ ಅನ್ನಿಸಿತು. ಜಗತ್ತಿನ ಯಾವ ಮೂಲೆಗೆ ಹೋದರೂ ಅಡುಗೆ ಮಾಡುವವರ ಮೊದಲ ಅನುಮಾನ ತಮ್ಮ ಅಡುಗೆಯ ಮೇಲೆಯೇ.

ಅಲ್ಲ, ಉಪವಾಸ ಎಂದೆ. ದೇವರಿಗಾಗಿ ಎಂದೆ. ಮೊಣಕಾಲಿಗಾಗಿ ಎಂದೆ. ಮೊಣಕಾಲಿಗೂ ತಿಂಡಿಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ, ಹುಬ್ಬು ಕೇಳಿತು. ಕಾನ್ವೆಂಟಿನಲ್ಲಿ ನಮಗೆ ರಜಾ ಅರ್ಜಿ ಬರೆಯಲು, ಅತಿಥಿಗಳಿಗೆ ವಂದನೆ ಹೇಳಲು ಕಲಿಸಿದ್ದರು. ಹರಕೆಗೆ ಇಂಗ್ಲಿಷ್ ಕಲಿಸಿರಲಿಲ್ಲ.

ಆದರೆ ಕಾನ್ವೆಂಟಿನದೇ ಒಂದು ನೆನಪು ಬಂತು. ಸ್ಪೋರ್ಟ್ಸ್ ಡೇ ದಿನ ನಮ್ಮ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿಯೊಬ್ಬಳು ಈಸ್ಟರ್ ಮುಂಚಿನ ಉಪವಾಸವೆಂದು ತಿಂಡಿ ಬಿಟ್ಟು ಓಡಲು ನಿಂತಿದ್ದಳು. ಸಿಸ್ಟರ್ ಅವಳ ಕೈಗೆ ಎರಡು ಬ್ರೆಡ್ಡು ಇಟ್ಟು, ನೀನು ಓಡು, ನಿನ್ನ ಬದಲು ನಾನು ಉಪವಾಸ ಮಾಡುತ್ತೇನೆ ಎಂದಿದ್ದರು. ಅದನ್ನೇ ಸುನಂದಾಳಿಗೆ ಹೇಳಿದೆ. “ಅವಳದ್ದು ನೀನು ಹಿಡಿ ಮಾರಾಯ್ತಿ. ಮಗು ತಿನ್ನಲಿ.”

“ನಾನು ಮೊದಲ ಹಿಡದೀನಲ್ರಿ. ಎರಡು ಉಪವಾಸ ಒಂದ ಹೊಟ್ಟ್ಯಾಗ ಹೆಂಗ ಹಿಡೀಲಿ?”



ಅಷ್ಟರಲ್ಲಿ ಪಲ್ಲವಿ ಪರದೆಗೆ ಬಂದಳು. ಟೀಮಿನ ಜೆರ್ಸಿ ಆಗಲೇ ಹಾಕಿದ್ದಾಳೆ. ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿದ್ದಾಳೆ. ತುಟಿ ಒಣಗಿದ್ದು ಇಲ್ಲಿಂದಲೇ ಕಾಣುತ್ತಿತ್ತು. ತಾಯಿ ಕನ್ನಡದಲ್ಲಿ ಕೇಳುತ್ತಾಳೆ, ಮಗಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಅವರ ಮನೆಯ ಪದ್ಧತಿ ಅದು.

“ಚಂದ್ರ ಎಷ್ಟೊತ್ತಿಗೆ ಬರ್ತಾನಂತ ಅಲ್ಲೆ?”

“ಮಮ್ಮಿ, ತೇರಾ ಕಾಗಜ್ ಇಧರ್ ನಹೀ ಚಲತಾ. ಇಧರ್ ಚಾಂದ್ ಆಧೀ ರಾತ್ ಕೋ ಆತಾ ಹೈ. ಔರ್ ರಾತ್ ತೋ ಹೋತೀಚ್ ನಹೀ.”

ತಾಯಿಯ ಹಾಳೆ ಅಲ್ಲಿ ನಡೆಯುವುದಿಲ್ಲ, ಚಂದ್ರ ಬರುವುದು ಮಧ್ಯರಾತ್ರಿಗೆ, ರಾತ್ರಿಯೆಂಬುದೇ ಸರಿಯಾಗಿ ಆಗುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಬೆಳಕು ಆರುವುದೇ ಇಲ್ಲವಂತೆ. ಮಲಗುವಾಗ ಕರಿನ್ ದಪ್ಪ ಪರದೆ ಎಳೆದು ಕತ್ತಲು ಮಾಡಿಕೊಡುತ್ತಾರಂತೆ.

“ಮತ್ತ ತಿಂದಬಿಡು ಅಂತ ನನ್ನ ಬಾಯಲೆ ಹೇಳಸ್ತೀಯೇನ?” ಸುನಂದಾ ಸ್ಟೂಲನ್ನು ನನ್ನತ್ತ ಎಳೆದುಕೊಂಡಳು.

“ನಹೀ. ತೂ ನಹೀ ಬೋಲೇಗಿ ತೋ ನಹೀ ಖಾಊಂಗಿ. ಬೆಂಚ್ ಪೇ ಬೈಠೂಂಗಿ.” ಮೇಲಿಂದ ಸೇರಿಸಿದಳು: “ಘುಟನಾ ಮೇರಾ, ಡರ್ ತೇರಾ. ತೂಹೀ ಬೋಲ್.”

ನೀನು ಹೇಳದೆ ತಿನ್ನುವುದಿಲ್ಲ, ಬೆಂಚಿನ ಮೇಲೇ ಕೂರುತ್ತೇನೆ; ಮೊಣಕಾಲು ನನ್ನದು, ಹೆದರಿಕೆ ನಿನ್ನದು, ನೀನೇ ಹೇಳು. ಚುಚ್ಚು ಮಾತೇ. ಆದರೆ ಗಮನಿಸಿ, ಕದ್ದು ತಿನ್ನಬಹುದಿತ್ತು ಆ ಹುಡುಗಿ. ಸಮುದ್ರ ದಾಟಿ ಕೂತವಳನ್ನು ನೋಡುವವರು ಯಾರು? ತಿನ್ನಲಿಲ್ಲ. ಈಗಿನ ಮಕ್ಕಳಿಗೆ ಶ್ರದ್ಧೆ ಇಲ್ಲ ಎಂದು ಲಿಫ್ಟಿನಲ್ಲಿ ನಿಂತು ಮಾತಾಡುವವರು ನಾವು.

ಸುನಂದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬಾಣಲೆಯಲ್ಲಿ ಶೇಂಗಾ ಕರಕಲಾದ ವಾಸನೆ. ನಾನು ಗ್ಯಾಸ್ ಆರಿಸಿ, ಕರಿನ್‌ಗೆ ಕೊನೆಯ ಪ್ರಯತ್ನವೆಂಬಂತೆ ಹೇಳಿದೆ. ವಿಷಯ ಇಷ್ಟೇ, ಅವಳು ಚಂದ್ರನನ್ನು ನೋಡಬೇಕು, ನೋಡಿದ ಮೇಲೆಯೇ ಊಟ.

“ಚಂದ್ರನನ್ನೇ?” ಎಂದರು ಕರಿನ್. “ಅವನು ಇಲ್ಲೇ ಇದ್ದಾನಲ್ಲ. ನಾನು ಪೇಪರ್ ತರಲು ಹೋದಾಗಿನಿಂದ ಇದ್ದಾನೆ.”

ಫೋನನ್ನು ಕಿಟಕಿಯತ್ತ ತಿರುಗಿಸಿದರು.

ತೊಳೆದಿಟ್ಟ ನೀಲಿ ಆಕಾಶ. ಕೆಂಪು ಮರದ ಮನೆಯೊಂದರ ಮಾಡು. ಅದರ ಪಕ್ಕದಲ್ಲಿ, ಹಾಡುಹಗಲಿನಲ್ಲಿ, ಒಂದು ಕಡೆ ಸವೆದ ಬಿಳಿ ಚಂದ್ರ. ನೀರಿನಲ್ಲಿ ಕರಗುತ್ತಿರುವ ಬತ್ತಾಸಿನ ಹಾಗೆ.

ಸುನಂದಾ ಸ್ಟೂಲಿನಿಂದ ಎದ್ದೇಬಿಟ್ಟಳು. ಕೈ ತಾನಾಗಿ ತಲೆಯ ಮೇಲೆ ಸೆರಗೆಳೆಯಿತು. ನನ್ನ ಫ್ರಿಜ್ಜಿಗೆ ಒರಗಿ ನಿಂತು, ನನ್ನ ಕೈಯಲ್ಲಿದ್ದ ಫೋನಿಗೆ ನಮಸ್ಕಾರ ಮಾಡಿದಳು. ಆಮೇಲೆ ಅವಳೊಳಗಿನ ಶಾಸ್ತ್ರ ಎಚ್ಚರವಾಯಿತು.

“ಅಕ್ಕಾರ, ಇದು ನಿನ್ನಿ ಚಂದ್ರ ಅಲ್ಲೇನ್ರಿ? ನಿನ್ನಿ ರಾತ್ರಿ ಹುಟ್ಟಿದ್ದು, ಇನ್ನೂ ಮುಳುಗಿಲ್ಲ. ಇವತ್ತಿಂದು ಇನ್ನ ಬರಬೇಕು.”

ಸರಿಯಾದ ಮಾತು. ಅಷ್ಟರಲ್ಲಿ ಹೊರಗೆ ಓಡಿದ್ದ ಪಲ್ಲವಿ ತೆರೆದ ಕಿಟಕಿಯ ಆಚೆ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಿಂತಿದ್ದಳು, ಚಂದ್ರನತ್ತ ಅಲ್ಲ, ಫೋನಿನತ್ತ ನೋಡುತ್ತ. ಬಲ ಮೊಣಕಾಲಿನ ಮೇಲೆ ಆಪರೇಷನ್ನಿನ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಸುನಂದಾ ಅದನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

“ಪಲ್ಲೂ, ರಾತ್ರಿ ಆಗಂಗ ಇಲ್ಲ ಅಂದೀಯಲ್ಲ ಅಲ್ಲೆ?”

“ಹಾಂ.”

“ಬೆಳಕು ಹೋಗೇ ಇಲ್ಲ?”

“ನಹೀ ನಾ, ಮಮ್ಮಿ.”

“ರಾತ್ರಿನ ಆಗಿಲ್ಲ ಅಂದ ಮ್ಯಾಲೆ ನಿನ್ನಿ ಎಲ್ಲಿ ಮುಗೀತು, ಇವತ್ತು ಎಲ್ಲಿಂದ ಸುರು ಆತು? ಎರಡೂ ಒಂದ ದಿನ.” ನ್ಯಾಯಾಧೀಶರು ತೀರ್ಪು ಓದುವ ಹಾಗೆ ಹೇಳಿದಳು. “ಅರ್ಘ್ಯ ಬಿಡು. ಆಮ್ಯಾಲೆ ಹೊಟ್ಟಿ ತುಂಬ ಉಣ್ಣು.”

ಇಂಥ ತೀರ್ಪು ಕೊಡಲು ಎಷ್ಟು ಪಂಚಾಂಗ ಓದಿರಬೇಕು ಹೇಳಿ? ಒಬ್ಬ ಮಗಳನ್ನು ಹೆತ್ತಿದ್ದರೆ ಸಾಕು.

ಪಲ್ಲವಿ ಕಾಫಿ ಕಪ್ಪಿನಲ್ಲಿ ನೀರು ತುಂಬಿ, ಅಕ್ಷತೆ ಹಾಕಿ, ಚಂದ್ರನಿಗೆ ಎತ್ತಿ ಹಿಡಿದು ಹುಲ್ಲಿನ ಮೇಲೆ ಬಿಟ್ಟಳು. ನಿನ್ನೆ ಮಳೆಯಾಗಿದೆ, ಗಿಡಗಳಿಗೆ ನೀರು ಬೇಕಾಗಿಲ್ಲ ಎಂದರು ಕರಿನ್, ತುಂಬ ಮರ್ಯಾದೆಯಿಂದ. ಆಮೇಲೆ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಬಟಾಟೆ, ನಮ್ಮ ಮೊಸರಿನಂಥದೇ ಒಂದು ಹುಳಿ ಹಾಲು. ಹುಡುಗಿ ಎಲ್ಲದರ ಮೇಲೂ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದಳು. ಎದುರಿಗೆ ಕೂತ ಕರಿನ್ ಬೆರಳ ತುದಿಯಲ್ಲಿ ಚೂರು ನೆಕ್ಕಿ ನೋಡಿ ಕೆಮ್ಮಿದರು. ಫೋನ್ ಇಡುವವರೆಗೂ ಕೆಮ್ಮುತ್ತಿದ್ದರು.

ಸಂಜೆಯ ಹೊತ್ತಿಗೆ ಸುದ್ದಿ ಬಂತು. ಸೋತರು. ಪಲ್ಲವಿ ಕೊನೆಯ ಸೀಟಿಯವರೆಗೂ ಮೈದಾನದಲ್ಲಿದ್ದಳು. ಸುನಂದಾ ಸ್ಕೋರ್ ಕೇಳಲಿಲ್ಲ. ಮೊಣಕಾಲಿನ ಫೋಟೊ ಕಳಿಸಲು ಹೇಳಿದಳು. ಬಂತು. ಕೆಸರು, ಹುಲ್ಲಿನ ಹಸಿರು ಕಲೆ, ಬಾವು ಇಲ್ಲ. ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದಳು. ನನಗೂ ತೋರಿಸಿದಳು. ಫುಟ್‌ಬಾಲ್ ಟೂರಿನ ಅಷ್ಟು ಫೋಟೊಗಳಲ್ಲಿ ಅವಳು ಗಂಡನಿಗೆ ಫಾರ್ವರ್ಡ್ ಮಾಡಿದ್ದು ಅದೊಂದನ್ನೇ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮದು ಹೌಸಿಂಗ್ ಸೊಸೈಟಿ. ಮೆಟ್ಟಿಲಲ್ಲಿ ಮೂರನೇ ಮಹಡಿಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಸಿಕ್ಕರು. ಮಗಳ ಕಥೆಯನ್ನು ಸುನಂದಾ ಸಂಭ್ರಮದಿಂದ ಹೇಳಿದಳು. ಕಾಕು ಸೊಪ್ಪಿನ ಚೀಲವನ್ನು ಕೈ ಬದಲಾಯಿಸಿಕೊಂಡು, “ಸಕಾಳಚಾ ಚಂದ್ರ? ಮಗ ವ್ರತ ಮೋಡ್‌ಲಂಚ ಕೀ ಗ” ಎಂದರು. ಬೆಳಗಿನ ಚಂದ್ರನೇ? ಹಾಗಾದರೆ ವ್ರತ ಮುರಿದ ಹಾಗೇ ಅಲ್ಲವೇನೇ ಎಂದು. ಕೆಟ್ಟ ಮನಸ್ಸಿನವರಲ್ಲ. ಸುನಂದಾಳಿಗೆ ಜ್ವರ ಬಂದಾಗ ಗಂಜಿ ಕಳಿಸಿದವರು ಅವರೇ. ಆದರೂ ಹೇಳಿದರು. ಸುನಂದಾಳ ಮುಖ ಇಳಿಯಿತು. ಮೊದಲಿಂದ ಎಣಿಸಬೇಕೇನ್ರಿ ಎಂದು ಬಾಗಿಲ ಹತ್ತಿರ ನನ್ನನ್ನು ಕೇಳಿದಳು.

ಉತ್ತರ ರಾತ್ರಿ ಸಿಕ್ಕಿತು.

ಚಂದ್ರೋದಯದ ಸಮಯ ನೋಡಲು ಅವಳು ಮತ್ತೆ ನನ್ನ ಕ್ಯಾಲೆಂಡರಿನ ಮುಂದೆ ಬಂದು ನಿಂತಳು. ಹೊರಗೆ ಮಳೆ. ಆಕಾಶವೆಂಬುದು ಬರೀ ಒದ್ದೆ ಕಂಬಳಿ. ಆದರೂ ಅಚ್ಚಾದ ನಿಮಿಷಕ್ಕೆ ಸರಿಯಾಗಿ ಎಲ್ಲ ಮಹಡಿಗಳಲ್ಲೂ ಗಂಟೆ ಮೊಳಗಿತು. ಎಲ್ಲ ಕಿಟಕಿಗಳಿಂದಲೂ ಕೈಗಳು ಹೊರಬಂದು, ಕ್ಯಾಲೆಂಡರ್ ಹೇಳಿದ ದಿಕ್ಕಿನ ಮೋಡಕ್ಕೆ ನೀರು ಬಿಟ್ಟವು. ಕಾಕುವಿನ ಕೈ, ಸುನಂದಾಳ ಕೈ, ನನ್ನ ಕೈ. ಮಳೆಗಾಲವಿಡೀ ನಾವು ಹೀಗೆಯೇ. ಆಮೇಲೆ ತಟ್ಟೆಗಳ ಸದ್ದು, ಮೋದಕದ ತುಪ್ಪದ ವಾಸನೆ.

ಇಡೀ ಕಟ್ಟಡದಲ್ಲಿ ಅವತ್ತು ಚಂದ್ರನನ್ನು ಕಣ್ಣಾರೆ ನೋಡಿ ಉಂಡವಳು ಒಬ್ಬಳೇ ಒಬ್ಬಳು, ಅವಳು ಸ್ವೀಡನ್ನಿನಲ್ಲಿದ್ದಳು.

ಈಗ ಹೇಳಿ, ಮೊದಲಿಂದ ಎಣಿಸಬೇಕಾದವರು ಯಾರು?